ಸಲಹೆಗಾರರನ್ನು ಕರೆಸಲೇ ಎಂದು ಕೇಳಿದ್ದೆಯಲ್ಲ

ಭೋಸರಿ, ಪುಣೆ

ಪ್ರೀತಿಯ ಗೆಳೆಯಾ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. "ಮಷೀನು ನಮ್ಮದು, ಹುಡುಗರು ನಮ್ಮವರು, ಗಿರಾಕಿಗಳೂ ನಮ್ಮವರೇ. ಹೀಗಿರುವಾಗ ಹೊರಗಿನವರನ್ನು ಕರೆಸಿ, ದಿನಕ್ಕಿಷ್ಟು ಎಂದು ಹಣ ಕೊಟ್ಟು ಕೇಳಬೇಕಾದದ್ದೇನಿದೆ?" ಎಂದು ನೀನು ಕೇಳಿದ್ದೆ. ಎರಡು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ನಿನಗೆ ಬರೆಯುವುದನ್ನು ಎಲ್ಲರಿಗೂ ಕಾಣುವಂತೆ ಇಲ್ಲಿ ಬರೆಯುತ್ತಿದ್ದೇನೆ. ನಿನ್ನ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಇಲ್ಲಿ ಚಾಕಣದಲ್ಲಾಗಲಿ ಸಣ್ಣ ಶೆಡ್ಡಿನಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಪ್ರೆಸ್ ನಡೆಸುವ ಕನ್ನಡಿಗರು ಓದಿದರೆ ಅವರಿಗೂ ಉಪಯೋಗವಾದೀತು.

ನಾನು ಕರೆಸಿದವರು ನಿಗಡಿಯಲ್ಲಿರುವ ಒಬ್ಬ ನಿವೃತ್ತರು. ದೊಡ್ಡ ವಾಹನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ (ಅಚ್ಚು, ಉಪಕರಣ ತಯಾರಿಸುವ ವಿಭಾಗ) ಮೂವತ್ತು ವರ್ಷ ದುಡಿದು, ಅನಂತರ ಸಣ್ಣ ಘಟಕಗಳಿಗೆ ಸಲಹೆ ಕೊಡುತ್ತ ಬಂದವರು. ತಿಂಗಳಿಗೆ ಆರು ದಿನದಂತೆ ಆರು ತಿಂಗಳು ಬರುವುದೆಂದು ಮಾತಾಯಿತು. ಮೊದಲ ದಿನ ನಾನು ಆಫೀಸಿನಲ್ಲಿ ಕುರ್ಚಿ ಹಾಕಿಸಿ, ಬ್ಯಾಲೆನ್ಸ್ ಶೀಟುಗಳನ್ನೆಲ್ಲ ತೆಗೆದಿಟ್ಟು ಕಾಯುತ್ತಿದ್ದರೆ, ಅವರು ಒಂದು ನೋಟುಬುಕ್ಕು, ಒಂದು ಸ್ಟಾಪ್‌ವಾಚು ಹಿಡಿದು ನೇರವಾಗಿ ನಮ್ಮ 100 ಟನ್ ಪ್ರೆಸ್ಸಿನ ಎದುರು ಹೋಗಿ ನಿಂತರು. ಅಂದು ಡೈ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚನ್ನು, ಬದಲಿಸುವುದಿತ್ತು. ಯಾರು ಕೇಳಿದರೂ ನಾನು "ಮುಕ್ಕಾಲು ಗಂಟೆಯ ಕೆಲಸ" ಎಂದು ಹೇಳುತ್ತಿದ್ದುದು ಅವರ ಗಡಿಯಾರದಲ್ಲಿ 1 ಗಂಟೆ 50 ನಿಮಿಷವಾಯಿತು. ಅದರಲ್ಲಿ ಡೈ ಬಿಚ್ಚಿ ಬಿಗಿಯುವುದಕ್ಕೆ ಹಿಡಿದದ್ದು ಕಾಲು ಭಾಗವೂ ಇರಲಿಲ್ಲ. ಉಳಿದದ್ದೆಲ್ಲ ಹುಡುಕಾಟ. ಅಳತೆಗೆ ಸರಿಯಾದ ಟಿ-ಬೋಲ್ಟು ಎಲ್ಲಿದೆ, ಸ್ಪ್ಯಾನರನ್ನು ಯಾವ ಮಷೀನಿಗೆ ಒಯ್ದರು, ಎತ್ತರ ಸರಿಹೊಂದಿಸುವ ಪ್ಯಾಕಿಂಗ್ ಪಟ್ಟಿಗಳನ್ನು ಯಾರು ಎಲ್ಲಿಟ್ಟರು ಎಂಬುದರಲ್ಲೇ ಹೊತ್ತು ಹೋಗಿತ್ತು.

ಜಪಾನಿನ ಶಿಗೆಯೊ ಶಿಂಗೊ ಅವರ ಕತೆಯನ್ನು ನಾನು ಕೇಳಿದ್ದು ನಮ್ಮ ಈ ಸಲಹೆಗಾರರ ಬಾಯಿಂದಲೇ. ಶಿಂಗೊ ಕೂಡ ಕಾರ್ಖಾನೆಗಳಿಗೆ ಹೊರಗಿನಿಂದ ಹೋಗುತ್ತಿದ್ದ ಸಲಹೆಗಾರರು. 1950ರಲ್ಲಿ ಹಿರೋಶಿಮಾದ ಟೊಯೊ ಕೊಗ್ಯೊ ಕಾರ್ಖಾನೆಯಲ್ಲಿ 800 ಟನ್ನಿನ ಪ್ರೆಸ್ಸಿನ ಡೈ ಬದಲಿಸುವಾಗ ಒಂದು ಬೋಲ್ಟು ಸಿಗದೆ ಕೆಲಸಗಾರ ಅಲೆದಾಡಿದ್ದನ್ನು ಕಂಡ ಅವರಿಗೆ, ಮಷೀನು ನಿಂತಾಗಲೇ ಮಾಡಬೇಕಾದ ಕೆಲಸ ಬೇರೆ, ಅದು ಓಡುತ್ತಿರುವಾಗಲೇ ಮುಗಿಸಿಟ್ಟುಕೊಳ್ಳಬಹುದಾದ ಕೆಲಸ ಬೇರೆ ಎಂಬುದು ಹೊಳೆಯಿತಂತೆ. ಮುಂದೆ 1969ರಲ್ಲಿ ಟೊಯೋಟಾದ 1000 ಟನ್ನಿನ ಪ್ರೆಸ್ಸಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತಿದ್ದ ಬದಲಾವಣೆ ಮೊದಲು 90 ನಿಮಿಷಕ್ಕೆ, ಬಳಿಕ 3 ನಿಮಿಷಕ್ಕೆ ಇಳಿದದ್ದು ಈ ವಿಂಗಡಣೆಯ ಬಲದಿಂದಲೇ. ನಮ್ಮದು ಅಷ್ಟು ಇಳಿಯಲಿಲ್ಲ. ಎಲ್ಲ ಡೈಗಳ ಎತ್ತರವನ್ನು ಒಂದೇ ಮಾಡಿ, ಬೋಲ್ಟು ಸ್ಪ್ಯಾನರುಗಳಿಗೆಂದೇ ಒಂದು ಟ್ರಾಲಿ ಮಾಡಿಸಿ, ಮುಂದಿನ ಡೈಯನ್ನು ಮೊದಲೇ ಪ್ರೆಸ್ಸಿನ ಬಳಿ ತಂದಿಡುವ ರೂಢಿ ಬೆಳೆಸಿದ ಮೇಲೆ, ಹೊಸ ಮಷೀನು ಕೊಳ್ಳದೆಯೇ ನಾಲ್ಕು ತಿಂಗಳಲ್ಲಿ 35 ನಿಮಿಷಕ್ಕೆ ಬಂದೆವು. ಇದರಿಂದ ಉಳಿದದ್ದು ಸಮಯ ಮಾತ್ರವಲ್ಲ. ಡೈ ಬದಲಿಸುವುದು ಕಷ್ಟವೆಂದು ನಾವು ಒಮ್ಮೆ ಹಾಕಿದ ಡೈಯಲ್ಲಿ ತಿಂಗಳಿಗಾಗುವಷ್ಟು ಬ್ರಾಕೆಟ್ಟು ಹೊಡೆದು ರಾಶಿ ಹಾಕುತ್ತಿದ್ದೆವು. ಆ ರಾಶಿಯ ಕಬ್ಬಿಣಕ್ಕೆ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಖಾತೆಯಲ್ಲಿ ಬಡ್ಡಿ ಕಟ್ಟುತ್ತಿದ್ದವನು ನಾನು.

ಹೊರಗಿನವರಿಗೆ ಇದು ಕಂಡದ್ದು ಹೇಗೆಂದು ಬಹಳ ಯೋಚಿಸಿದ್ದೇನೆ. ನಾವು ನೋಡಿರುವುದು ನಮ್ಮ ಮೂರು ಪ್ರೆಸ್ಸುಗಳನ್ನು, ಅವರು ನೋಡಿರುವುದು ನೂರಾರು ಪ್ರೆಸ್ಸುಗಳನ್ನು. ಅಷ್ಟು ಅನುಭವವಿರುವವರನ್ನು ಕಾಯಂ ಸಂಬಳ ಕೊಟ್ಟು ಇಟ್ಟುಕೊಳ್ಳುವ ಶಕ್ತಿ ನಮ್ಮಂಥವರಿಗಿಲ್ಲ, ತಿಂಗಳಿಗೆ ಆರು ದಿನವಾದರೆ ಇದೆ. ಅದಕ್ಕಿಂತ ಮುಖ್ಯವಾಗಿ, ಅವರು ಆರು ತಿಂಗಳಿಗೆ ಹೊರಟುಹೋಗುವವರು. ಯಾರ ಮನಸ್ಸು ಕಾಯಬೇಕಾದ ಹಂಗೂ ಅವರಿಗಿಲ್ಲ. ಹೀಗೆ ಬಂದು ಹೋದ ಸಲಹೆಗಾರರೆಂದರೆ ನನಗೆ ನೆನಪಾಗುವವರು ವಿಶ್ವೇಶ್ವರಯ್ಯನವರು. ನಾವಿಬ್ಬರೂ ಖಡಕವಾಸಲಾ ಅಣೆಕಟ್ಟಿನ ದಂಡೆಯ ಮೇಲೆ ಜೋಳದ ತೆನೆ ತಿನ್ನುತ್ತ ಅವರ ಸ್ವಯಂಚಾಲಿತ ಬಾಗಿಲುಗಳ ವಿಷಯ ಮಾತನಾಡಿದ್ದು ನೆನಪಿದೆಯೇ? ಅವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟ ಮೇಲೆ, 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹಕ್ಕೆ ಹೈದರಾಬಾದು ನಲುಗಿದಾಗ, ನಿಜಾಮ ಸರ್ಕಾರ ಸಲಹೆಗೆಂದು ಕರೆಸಿಕೊಂಡದ್ದು ಅವರನ್ನೇ. 1909ರಲ್ಲಿ ಕೆಲವೇ ತಿಂಗಳು ಅಲ್ಲಿದ್ದು, ಊರಿನ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೆರೆಯನ್ನು ಅಲ್ಲಿಯೇ ತಡೆಯಬೇಕೆಂದು ಯೋಜನೆ ಕೊಟ್ಟು, ಅದೇ ವರ್ಷ ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಹೊರಟುಬಂದರು. ಆ ಜಲಾಶಯಗಳಾದ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಕಟ್ಟಿದವರು ಅಲ್ಲಿ ಉಳಿದವರು. ಸಲಹೆಗಾರರನ್ನು ಕರೆಸುವಾಗ ಇದು ನಿನ್ನ ಗಮನದಲ್ಲಿರಲಿ, ಅವರು ಹೋದ ಮೇಲೂ ಟ್ರಾಲಿ ತಳ್ಳುವವರು ನಿನ್ನ ಹುಡುಗರೇ.

ಇಲ್ಲಿಗೆ ನಿಲ್ಲಿಸಬೇಕೆಂದುಕೊಂಡಿದ್ದೆ. ಆದರೆ ಮೂರನೆಯ ವಾರ ನಡೆದದ್ದನ್ನು ಹೇಳದೆ ಈ ಪತ್ರ ಕಳಿಸಿದರೆ ನಿನಗೆ ಅರ್ಧ ಸುಳ್ಳು ಬರೆದಂತಾಗುತ್ತದೆ. ಅವರು ಡೈ ಒಂದೊಂದರ ಸೆಟ್ಟಿಂಗ್ ಸಮಯವನ್ನು ಪಟ್ಟಿ ಮಾಡುತ್ತಿದ್ದಾಗ, ಡೈ ಕೂರಿಸುವ ನಮ್ಮ ಸೆಟ್ಟರ್ ಕಾಕಾ ತಮ್ಮ ಲಾಕರು ತೆಗೆದು, ಪ್ಲಾಸ್ಟಿಕ್ ಹೊದಿಸಿಟ್ಟಿದ್ದ ಒಂದು ಹಾಳೆಯನ್ನು ತಂದು ಅವರ ಕೈಗೆ ಕೊಟ್ಟರು. "ಇದನ್ನು ಧಾಕಟೆ ಶೇಠರು ಎಂದೋ ಬರೆದಿಟ್ಟಿದ್ದಾರೆ" ಎಂದರು. ಧಾಕಟೆ ಶೇಠರು, ಅಂದರೆ ಚಿಕ್ಕ ಯಜಮಾನರು, ನೀನೇ. ನಿನ್ನ ಬಲಕ್ಕೆ ವಾಲುವ ಅಕ್ಷರ, 2017ರ ಇಸವಿ, ಪ್ರತಿ ಡೈಗೆ ಹಿಡಿಯುವ ನಿಮಿಷ. ಕೊನೆಯ ಕಾಲಮ್ಮಿನಲ್ಲಿ, 500ಕ್ಕಿಂತ ಕಡಿಮೆ ನಗದ (ಬಿಡಿಭಾಗದ) ಆರ್ಡರಿಗೆ ಸೆಟ್ಟಿಂಗ್ ಖರ್ಚು ಸೇರಿಸದೆ ದರ ಕೊಟ್ಟರೆ ಪ್ರತಿ ನಗಕ್ಕೆ ಎಷ್ಟು ನಷ್ಟ ಎಂಬ ಲೆಕ್ಕ. ಅವರ ಪಟ್ಟಿಗೂ ನಿನ್ನ ಪಟ್ಟಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಬರೆದವರು ಈಗ ಎಲ್ಲಿದ್ದಾರೆಂದು ಸಲಹೆಗಾರರು ಕೇಳಿದರು. ತಾಯಿಯವರಿಗೆ ಮೈಗೆ ಸರಿಯಿಲ್ಲದ್ದರಿಂದ ಊರಿಗೆ ಹೋದರು ಎಂದೆ.

ಏಳೆಂಟು ವರ್ಷಗಳಿಂದ ನಾನು ಎಲ್ಲರಿಗೂ, ಪುಣೆಯ ನಮ್ಮ ಕನ್ನಡದ ಬಳಗಕ್ಕೂ, ಹೇಳಿಕೊಂಡು ಬಂದದ್ದು ಇದನ್ನೇ. ನಿಜ ಬೇರೆಯೇ. ಆ ಹಾಳೆಯನ್ನು ನೀನು ಮೊದಲು ನನ್ನ ಮೇಜಿನ ಮೇಲಿಟ್ಟಿದ್ದೆ. ಹುಡುಗರೆಲ್ಲರ ಎದುರಿಗೆ ನಾನು, "ಲೆಕ್ಕ ಬರೆಯುವುದಕ್ಕೆ ಗುಮಾಸ್ತರಿದ್ದಾರೆ, ನೀನು ಮಾಲು ಕಳಿಸುವುದನ್ನು ನೋಡು" ಎಂದಿದ್ದೆ. ನಮ್ಮ ಮೊದಲ ಗಿರಾಕಿಯ ದರವನ್ನು ನೀನು ತಪ್ಪೆಂದು ತೋರಿಸಿದ್ದು ನನಗೆ ನನ್ನನ್ನೇ ತಪ್ಪೆಂದಂತೆ ಕೇಳಿಸಿತ್ತು. ಆ ವರ್ಷ ಖಂಡೆನವಮಿಯಂದು ಪ್ರೆಸ್ಸುಗಳಿಗೆ ಕುಂಕುಮ ಹಚ್ಚಿ, ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ನೀನು ಹೊರಟುಹೋದೆ. ಅಮ್ಮನವರು ಆಗ ಚೆನ್ನಾಗಿಯೇ ಇದ್ದರು. ಗೆಳೆಯನು ಬಿಟ್ಟಿಯಾಗಿ ಕೊಟ್ಟದ್ದನ್ನು ಕಸಕ್ಕೆ ಹಾಕಿದ ನಾನು, ಅದನ್ನೇ ಅಪರಿಚಿತರೊಬ್ಬರು ಹೇಳಿದಾಗ ಹಣ ತೆತ್ತು ಕೇಳಿದೆ. ನೀನು ಹೋದ ಕಾರಣವನ್ನು ಸುಳ್ಳಾಗಿ ಹೇಳಿದ್ದು ನಾಲ್ಕು ಜನರ ನಡುವೆ. ಅದಕ್ಕೇ ನಿಜವನ್ನೂ ನಾಲ್ಕು ಜನ ಓದುವಲ್ಲಿಯೇ ಬರೆದೆ. ಕ್ಷಮಿಸು ಎಂಬುದನ್ನು ಮಾತ್ರ ಎದುರಿಗೇ ಕೇಳುತ್ತೇನೆ.

ಇರಲಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ಕರೆಸು. ಎಷ್ಟು ದಿನ, ಯಾವ ಮಷೀನಿನಲ್ಲಿ, ಏನು ಬದಲಾಗಬೇಕು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆಸಿಕೋ, ಹಿರಿಯ ಸೆಟ್ಟರನ್ನು ಮೊದಲ ದಿನದಿಂದ ಜೊತೆಗಿಡು. ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ತಂದ ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ (ಸಣ್ಣ ಉದ್ಯಮಗಳಲ್ಲಿ ಪೋಲು ತಗ್ಗಿಸುವ ಯೋಜನೆ) ಸಲಹೆಗಾರರ ಶುಲ್ಕದ 90 ಶೇಕಡಾವನ್ನು ಸರ್ಕಾರವೇ ಭರಿಸುವ ಏರ್ಪಾಡಿತ್ತು, ನಿನಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದ್ದರೆ ಅದು ಈಗಲೂ ಸಿಗುತ್ತದೆಯೇ ಎಂದು ವಿಚಾರಿಸು. ಅವರು ಜಿಎಸ್‌ಟಿ ಹಾಕಿದ ಬಿಲ್ಲು ಕೊಟ್ಟರೆ ಅದರ ಇನ್‌ಪುಟ್ ಕ್ರೆಡಿಟ್ (ಆ ತೆರಿಗೆಯನ್ನು ನೀನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಬಿಡಬೇಡ.

ಹುಬ್ಬಳ್ಳಿಯಿಂದ ಇಲ್ಲಿಗೆ ಈಗ ವಂದೇ ಭಾರತ್ ಇದೆ, ಒಂದು ದಿನ ಬಂದುಬಿಡು. ಕಾತ್ರಜ ಘಾಟಿನಲ್ಲಿ ನಮ್ಮಿಬ್ಬರ ಜೊತೆಗಿದ್ದ ಆ ಮೂರನೆಯ ಸವಾರ ಇನ್ನೂ ನಿನ್ನನ್ನು ವಿಚಾರಿಸುತ್ತಾನೆ. ಹಾಳೆಯನ್ನು ಕಾಕಾ ಮತ್ತೆ ತಮ್ಮ ಲಾಕರಿನಲ್ಲೇ ಇಟ್ಟುಕೊಂಡಿದ್ದಾರೆ, ನಾನು ಕೇಳಿದರೂ ಕೊಡಲಿಲ್ಲ.

ನಿನ್ನ,
ಭೋಸರಿಯ ಗೆಳೆಯ