ಚೈನ್‌ಸಾ ಇನ್ನು ಹೊರಗೆ ಕೊಡುವುದಿಲ್ಲ

ಎಲ್ಲರಿಗೂ ನಮಸ್ಕಾರ. ಹೋದ ವಾರ ಎರವಲು ಹೋಗಿದ್ದ ಚೈನ್‌ಸಾ, ಅಂದರೆ ಮರ ಕೊಯ್ಯುವ ಮಿಷನ್, ವಾಪಸ್ ಬಂದಾಗ ಸ್ಟಾರ್ಟೇ ಆಗಲಿಲ್ಲ. ಹಗ್ಗ ಎಳೆದರೆ ಬಿಗಿ ಇಲ್ಲ, ಸುಮ್ನೆ ಸಡಿಲವಾಗಿ ಬರುತ್ತಿತ್ತು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು, ಉಗುರು ಸಿಕ್ಕಿಕೊಳ್ಳುವಷ್ಟು ಆಳ.

ಒಯ್ದವರು ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾರೆ. ಇದು ಟೂ-ಸ್ಟ್ರೋಕ್ ಇಂಜಿನ್. ಪೆಟ್ರೋಲ್‌ಗೆ ಬೆರೆಸಿದ ಆಯಿಲೇ ಪಿಸ್ಟನ್‌ಗೆ ಜಾರಿಕೆ ಕೊಡುವುದು, ಬೇರೆ ದಾರಿಯಿಲ್ಲ. ನಮ್ಮ ಮಿಷನ್‌ಗೆ 50:1, ಅಂದರೆ 1 ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್. ಚೈನ್‌ಗೆ ಹಾಕುವ ಆಯಿಲ್ ಬೇರೆ, ಅದರ ಟ್ಯಾಂಕೂ ಬೇರೆ. ಅದನ್ನು ತುಂಬಿಸಿದ್ದರಂತೆ, ಅಷ್ಟೇ ಸಾಕು ಅಂದುಕೊಂಡರಂತೆ!

ಪಿಸ್ಟನ್, ರಿಂಗ್, ಸಿಲಿಂಡರ್ ಮೂರೂ ಹೊಸದು ಹಾಕಿದ್ದೇನೆ. ಚೈನ್ ಮಣ್ಣಿಗೆ ತಾಗಿ ಮೊಂಡಾಗಿತ್ತು. ದುಂಡು ಅರದಲ್ಲಿ ಒಂದೊಂದೇ ಹಲ್ಲು ಮಸೆಯುವಷ್ಟರಲ್ಲಿ ಒಂದು ಸಂಜೆ ಹೋಯಿತು.

ಇನ್ನು ಚೈನ್‌ಸಾ ಕೇಳಬೇಡಿ, ಬೇಜಾರೂ ಮಾಡಿಕೊಳ್ಳಬೇಡಿ. ಮರ ಕೊಯ್ಯುವುದಿದ್ದರೆ ಹೇಳಿ, ನಾನೇ ಬಂದು ಕೊಯ್ದು ಕೊಡುತ್ತೇನೆ. ಉಳಿದ ಸಾಮಾನು ಒಯ್ಯಬಹುದು. ಗೋಡೆ ಮೇಲೆ ಒಂದೊಂದರ ಆಕಾರ ಪೇಂಟ್‌ನಲ್ಲಿ ಬರೆದಿದ್ದೇನೆ. ತೆಗೆದ ಜಾಗದಲ್ಲಿ ಹೆಸರಿನ ಚೀಟಿ ಸಿಕ್ಕಿಸಿ ಹೋಗಿ.

ಅಂದ ಹಾಗೆ, 13ರ ಸ್ಪ್ಯಾನರ್ ಯಾರ ಹತ್ತಿರ ಇದೆ?