ಕೂಪನ್ ಹಿಡಿದ ಕೈಗೆ ಸಂಕೋಚವೇಕೆ?

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಡಿಟರ್ಜೆಂಟಿನ ರಿಯಾಯಿತಿ ಕೂಪನ್ ಜೇಬಿನಲ್ಲಿದ್ದರೂ, ಹಿಂದೆ ಜನ ನಿಂತಿದ್ದಾರೆಂದು ಹೊರಗೆ ತೆಗೆಯದೆ ಪೂರ್ತಿ ಹಣ ಕೊಟ್ಟು ಬಂದೆಯಂತೆ. ಅಮೆರಿಕದ ಈ ಎಡಿಸನ್ ಊರಿಗೆ ಬಂದ ಹೊಸತರಲ್ಲಿ ನಾನೂ ಹಾಗೆಯೇ ಮಾಡಿದ್ದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಆ ಕೂಪನ್ನಿನ ಕೆಳಭಾಗದ ಸಣ್ಣ ಅಕ್ಷರಗಳನ್ನು ಒಮ್ಮೆ ಓದು. ಅಂಗಡಿಯವರನ್ನು ಉದ್ದೇಶಿಸಿದ ಒಂದು ಸಾಲು ಅಲ್ಲಿರುತ್ತದೆ: ಕೂಪನ್ನಿನ ಮೊತ್ತವನ್ನೂ, ಅದರ ಮೇಲೆ ಸಾಮಾನ್ಯವಾಗಿ 8 ಸೆಂಟ್‌ಗಳನ್ನೂ ತಯಾರಕ ಕಂಪನಿಯೇ ಅಂಗಡಿಗೆ ಕೊಡುತ್ತದೆ. ಊರಿನ ಸಂತೆಯಲ್ಲಿ ಅಮ್ಮ ಕೊಸರು ಕೇಳುತ್ತಿದ್ದಳಲ್ಲ, ಅದು ಸೊಪ್ಪು ಮಾರುವವಳ ಬುಟ್ಟಿಯಿಂದಲೇ ಹೋಗುತ್ತಿತ್ತು. ಇಲ್ಲಿ ಅಂಗಡಿಗೆ ಒಂದು ಸೆಂಟೂ ಕಡಿಮೆಯಾಗುವುದಿಲ್ಲ. ನಮ್ಮ ನ್ಯೂಜೆರ್ಸಿಯಲ್ಲಿ ಸರ್ಕಾರವೂ ಇಂಥ ಕೂಪನ್ನನ್ನು ಹಣವೆಂದೇ ಎಣಿಸುತ್ತದೆ. 10 ಡಾಲರಿನ ಡಿಟರ್ಜೆಂಟಿಗೆ ನೀನು 2 ಡಾಲರಿನ ಕಂಪನಿ ಕೂಪನ್ ಕೊಟ್ಟರೂ ಶೇ. 6.625 ಮಾರಾಟ ತೆರಿಗೆ ಪೂರ್ತಿ 10 ಡಾಲರಿನ ಮೇಲೆಯೇ ಬೀಳುತ್ತದೆ. ತೆರಿಗೆ ಹಾಕುವವರೇ ಹಣವೆಂದು ಒಪ್ಪಿದ ಚೀಟಿಯನ್ನು ಕೊಡಲು ನಿನಗೇಕೆ ಸಂಕೋಚ?

ಕೂಪನ್‌ಗಳಲ್ಲಿ ಎರಡು ಜಾತಿ. ಒಂದು ತಯಾರಕರದು. ಮೇಲ್ತುದಿಯಲ್ಲಿ ‘ಮ್ಯಾನುಫ್ಯಾಕ್ಚರರ್ ಕೂಪನ್’ ಎಂದು ಅಚ್ಚಾಗಿರುತ್ತದೆ. ಇನ್ನೊಂದು ಅಂಗಡಿಯದೇ. ಒಂದು ವಸ್ತುವಿಗೆ ತಯಾರಕರ ಕೂಪನ್ ಒಂದೇ ನಡೆಯುತ್ತದೆ. ಆದರೆ ಅದರ ಜೊತೆಗೆ ತಮ್ಮ ಕೂಪನ್ನನ್ನೂ ಸೇರಿಸಲು ಹಲವು ಅಂಗಡಿಗಳು ಬಿಡುತ್ತವೆ. ಕೈಗೆ ಬಂದ ದಿನವೇ ಕೂಪನ್ ಬಳಸಬೇಡ, ಅವಧಿ ನೋಡಿಕೊಂಡು ಕಾಯಿ. 11 ಡಾಲರಿನ ಡಿಟರ್ಜೆಂಟು ಒಂದು ವಾರ 7ಕ್ಕೆ ಇಳಿಯಿತೆಂದುಕೋ. ಆಗ ತಯಾರಕರ 2 ಡಾಲರು, ಅಂಗಡಿಯ 1 ಡಾಲರು ಸೇರಿಸಿದರೆ ನೀನು ಕೊಡುವುದು 4 ಮಾತ್ರ, ಮೇಲೆ ತೆರಿಗೆ. ಅಷ್ಟರಲ್ಲಿ ಮಾಲು ಮುಗಿದಿದ್ದರೆ ‘ರೈನ್ ಚೆಕ್’ ಎಂಬ ಚೀಟಿ ಕೊಡುತ್ತಾರೆಯೇ ಎಂದು ಕೇಳು. ಕೊಡುವ ಅಂಗಡಿಗಳಲ್ಲಿ ಮಾಲು ಮತ್ತೆ ಬಂದಾಗ ಅದೇ ಇಳಿಸಿದ ಬೆಲೆಗೆ ಸಿಗುತ್ತದೆ.

ದೊಡ್ಡ ಡಬ್ಬವೇ ಅಗ್ಗ ಎಂಬ ಲೆಕ್ಕ ಕೂಪನ್ ಇದ್ದಾಗ ತಲೆಕೆಳಗಾಗುವುದುಂಟು. 40 ಔನ್ಸಿನದು 5 ಡಾಲರು, 100 ಔನ್ಸಿನದು 10 ಡಾಲರು ಎಂದಿಟ್ಟುಕೋ. ಕೂಪನ್ ಇಲ್ಲದಿದ್ದರೆ ದೊಡ್ಡದೇ ಲಾಭ. ಎರಡಕ್ಕೂ 2 ಡಾಲರ್ ಕಳೆದು ನೋಡು: ಚಿಕ್ಕದು ಔನ್ಸಿಗೆ ಏಳೂವರೆ ಸೆಂಟಿಗೆ ಬರುತ್ತದೆ, ದೊಡ್ಡದು ಎಂಟಕ್ಕೆ. ಯಾವ ಅಳತೆಗೆ ಕೂಪನ್ ಸಲ್ಲುತ್ತದೆ ಎಂಬುದನ್ನು ಅದರ ಮೇಲೆಯೇ ಓದಿಕೋ. ಕಪಾಟಿನ ಬೆಲೆಚೀಟಿಯ ಮೂಲೆಯಲ್ಲಿ ಔನ್ಸಿನ ದರವಿದ್ದರೆ ಅದನ್ನೂ ನೋಡು.

ನಮ್ಮ ಅಡುಗೆಮನೆಯ ಮಟ್ಟಿಗೆ ಒಂದು ಮಾತು ಹೇಳಲೇಬೇಕು. ಸೋನಾ ಮಸೂರಿಗೆ, ತೊಗರಿಬೇಳೆಗೆ, ಕೊತ್ತಂಬರಿ ಸೊಪ್ಪಿಗೆ ಇಂಥ ಕೂಪನ್ ಸಿಗುವುದು ಅಪರೂಪ. ಸಿಗುವುದೆಲ್ಲ ಸೋಪು, ಟೂತ್‌ಪೇಸ್ಟು, ಶಾಂಪೂ, ಡಯಾಪರು, ಡಬ್ಬದ ತಿಂಡಿಗಳಿಗೆ. ಮೊದಲ ವರ್ಷ ಕೂಪನ್ ಇದೆಯೆಂಬ ಒಂದೇ ಕಾರಣಕ್ಕೆ ಸೀರಿಯಲ್ ಪೊಟ್ಟಣಗಳನ್ನು ರಾಶಿ ಹಾಕಿದೆ. ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗೂ ಉಪ್ಪಿಟ್ಟು, ಅವಲಕ್ಕಿಯೇ ಬೇಕು. ಅವಧಿ ಮುಗಿದ ಪೊಟ್ಟಣಗಳನ್ನು ಎಸೆಯುವಾಗ ಬಹಳ ನೋವಾಯಿತು. ನಿನ್ನ ಮನೆಯಲ್ಲಿ ಮಗುವಿದೆ. ಡಯಾಪರಿನಿಂದಲೇ ಶುರುಮಾಡು, ಅಲ್ಲಿ ಪ್ರತಿ ವಾರ ಹಣ ಉಳಿಯುತ್ತದೆ.

ಮೊಬೈಲಿನ ಕೂಪನ್‌ಗಳೂ ಇವೆ. ಬಿಲ್ಲಿಗೆ ನಿಲ್ಲುವ ಮೊದಲೇ ಅಂಗಡಿಯ ಆ್ಯಪಿನಲ್ಲಿ ಒತ್ತಿ ನಿನ್ನ ಖಾತೆಗೆ ಸೇರಿಸಿಕೊಂಡಿರಬೇಕು. ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ ‘ಉಚಿತ ಕೂಪನ್’ ಕೊಂಡಿಗಳನ್ನು ಮಾತ್ರ ಮುಟ್ಟಬೇಡ. ಕೂಪನ್ನಿನ ಜೆರಾಕ್ಸ್ ಮಾಡಿ ಬಳಸುವುದಂತೂ ವಂಚನೆ, ಯಾರು ಹೇಳಿದರೂ ಕೇಳಬೇಡ.

ಕೌಂಟರಿನಲ್ಲಿ ಒಮ್ಮೆ ನನ್ನ ನಾಲ್ಕು ಕೂಪನ್‌ಗಳಲ್ಲಿ ಮೂರನ್ನು ಹಿಂದಕ್ಕೆ ಕೊಟ್ಟರು. ಮೇಲೆ ‘ಒಂದು ಪರ್ಚೇಸ್‌ಗೆ ಒಂದು’ ಎಂದಿತ್ತು. ಅದು ಇಡೀ ಬಿಲ್ಲಿಗೆ ಒಂದು ಎಂದಲ್ಲ, ಕೊಂಡ ಒಂದೊಂದು ವಸ್ತುವಿಗೂ ಒಂದು ಎಂದು. ಮ್ಯಾನೇಜರನ್ನು ಕರೆಸಿ ಸಮಾಧಾನವಾಗಿ ತೋರಿಸಿದೆ, ನಾಲ್ಕನ್ನೂ ತೆಗೆದುಕೊಂಡರು. ‘ಟ್ರಾನ್ಸಾಕ್ಷನ್‌ಗೆ ಒಂದು’, ಅಂದರೆ ಇಡೀ ಬಿಲ್ಲಿಗೆ ಒಂದು, ಎಂದಿದ್ದರೆ ಅವರ ಮಾತೇ ಸರಿಯಾಗುತ್ತಿತ್ತು. ಆ ಎರಡು ಪದಗಳ ವ್ಯತ್ಯಾಸ ಗೊತ್ತಿದ್ದರೆ ಸಾಲಿನಲ್ಲಿ ಧೈರ್ಯವಾಗಿ ನಿಲ್ಲಬಹುದು.

ಈ ಭಾನುವಾರ ಪತ್ರಿಕೆಯ ಕೂಪನ್ ಪುಟಗಳನ್ನು ಹಿಡಿದು ನಿನ್ನ ಮನೆಗೆ ಬರುತ್ತೇನೆ. ಕಳೆದ ತಿಂಗಳ ಬಿಲ್ಲುಗಳಿದ್ದರೆ ತೆಗೆದಿಡು, ನೀವು ನಿಜವಾಗಿ ಬಳಸುವ ಸಾಮಾನು ಯಾವುದೆಂದು ಮೊದಲು ನೋಡೋಣ. ಆಮೇಲೆ ಇಬ್ಬರೂ ಅಂಗಡಿಗೆ ಹೋಗೋಣ. ಸಾಲಿನಲ್ಲಿ ನಾನು ನಿನ್ನ ಹಿಂದೆಯೇ ನಿಂತಿರುತ್ತೇನೆ.

ಇಂತಿ,
ನಿನ್ನ ಗೆಳೆಯ