ಹಳೇ ಪ್ಯಾಕೇಜ್ ತೆಗೆಯುವುದೂ ಕೆಲಸವೇ

ಸಂಪಾದಕರೇ,

ಎಲ್ಲಾದರೂ ಡೇಟಾ ಸೋರಿಕೆಯಾದರೆ ‘ಹ್ಯಾಕರ್‌ಗಳ ಕೈಚಳಕ’ ಎಂದು ಸುದ್ದಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಅವರಿಗೆ ದಾರಿ ಹೇಗೆ ಸಿಕ್ಕಿತು ಅಂತ ಯಾರೂ ಕೇಳುವುದಿಲ್ಲ. 2017ರಲ್ಲಿ ಜನರ ಸಾಲದ ದಾಖಲೆ ಇಡುವ ಅಮೆರಿಕದ ಕಂಪನಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತಲ್ಲ, ಕಳ್ಳರು ನುಗ್ಗಿದ್ದು ಅಪಾಚೆ ಸ್ಟ್ರಟ್ಸ್ ಎಂಬ ಲೈಬ್ರರಿಯ ಹಳೇ ಆವೃತ್ತಿಯ ಮೂಲಕ. (ಲೈಬ್ರರಿ ಅಥವಾ ಪ್ಯಾಕೇಜ್ ಅಂದರೆ ಬೇರೆಯವರು ಬರೆದಿಟ್ಟ, ನಮ್ಮ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್.) ಸರಿಪಡಿಸಿದ ಆವೃತ್ತಿ ಮಾರ್ಚ್‌ನಲ್ಲೇ ಬಂದಿತ್ತು. ಕಳವು ಶುರುವಾಗಿದ್ದು ಮೇನಲ್ಲಿ! 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯ ದೋಷ ಹೊರಬಿದ್ದಾಗ, ಅದು ತಮ್ಮ ಸಾಫ್ಟ್‌ವೇರ್‌ನಲ್ಲಿ ಇದೆಯೋ ಇಲ್ಲವೋ ಅನ್ನೋದೇ ಎಷ್ಟೋ ತಂಡಗಳಿಗೆ ಗೊತ್ತಿರಲಿಲ್ಲ. ಬೇರೆ ಪ್ಯಾಕೇಜಿನ ಬೆನ್ನಿಗೆ ಬಿದ್ದು ಬಂದು ಒಳಗೆ ಕೂತಿತ್ತು.

ಜಾವಾಸ್ಕ್ರಿಪ್ಟ್‌ನಲ್ಲಿ ಕೆಲಸ ಮಾಡುವವರು ಇದನ್ನು ದಿನಾ ನೋಡುತ್ತೇವೆ. ಬೇರೆ ಸರ್ವರ್‌ಗಳಿಂದ ಮಾಹಿತಿ ತರಿಸಿಕೊಡುವ ‘ರಿಕ್ವೆಸ್ಟ್’ ಎಂಬ ಪ್ಯಾಕೇಜನ್ನು ಅದರ ನಿರ್ವಾಹಕರೇ 2020ರಲ್ಲಿ ನಿಲ್ಲಿಸಿದರು. ಆದರೂ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಅದು ಇನ್ನೂ ಇದೆ. ಇನ್‌ಸ್ಟಾಲ್ ಮಾಡಿದಾಗ ‘ಡೆಪ್ರಿಕೇಟೆಡ್’ (ಇನ್ನು ಬಳಸಬೇಡಿ) ಅಂತ ಒಂದು ಸಾಲು ಬರುತ್ತದೆ, ಯಾರೂ ಓದುವುದಿಲ್ಲ. ‘ಎನ್‌ಪಿಎಂ ಎಲ್‌ಎಸ್ ರಿಕ್ವೆಸ್ಟ್’ ಎಂದು (ಎನ್‌ಪಿಎಂ ಅಂದರೆ ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ) ಟೈಪ್ ಮಾಡಿದರೆ ಅದನ್ನು ಯಾವ ಪ್ಯಾಕೇಜ್ ಎಳೆದು ತಂದಿದೆ ಅನ್ನೋದು ಮರದ ಕೊಂಬೆಗಳ ಹಾಗೆ ಕಾಣುತ್ತದೆ. ‘ರಿಕ್ವೆಸ್ಟ್’ ಆಗಲಿ, ಅದನ್ನು ಎಳೆದು ತಂದ ಪ್ಯಾಕೇಜ್ ಆಗಲಿ ನಮ್ಮ ಕೋಡಿನಲ್ಲಿ ಬಳಕೆಯಲ್ಲೇ ಇಲ್ಲದಿದ್ದರೆ ಸುಮ್ನೆ ತೆಗೆದುಹಾಕಬಹುದು. ‘ರಿಕ್ವೆಸ್ಟ್’ ಬಳಕೆಯಲ್ಲಿದ್ದರೆ, ಜಾವಾಸ್ಕ್ರಿಪ್ಟ್ ಓಡಿಸುವ ‘ನೋಡ್’ನ 18ನೇ ಆವೃತ್ತಿಯಿಂದ ಅದೇ ಕೆಲಸ ಮಾಡುವ ‘ಫೆಚ್’ ಜೊತೆಗೇ ಬರುತ್ತದೆ, ಬಹಳಷ್ಟು ಕಡೆ ಅದೇ ಸಾಕು.

ಒಂದೇ ಏಟಿಗೆ ಎಲ್ಲವನ್ನೂ ಹೊಸದು ಮಾಡಲು ಮಾತ್ರ ಹೋಗಬೇಡಿ. ದೋಷವಿರುವ ಪ್ಯಾಕೇಜ್‌ಗಳನ್ನು ತಾನೇ ಬದಲಿಸುವ ಎನ್‌ಪಿಎಂನ ‘ಆಡಿಟ್ ಫಿಕ್ಸ್’ ಆದೇಶಕ್ಕೆ ‘ಫೋರ್ಸ್’ ಸೇರಿಸಿ ಒತ್ತಿದರೆ ದೊಡ್ಡ ಆವೃತ್ತಿಗಳೇ ಬದಲಾಗಿ, ನಡೆಯುತ್ತಿದ್ದದ್ದೂ ನಿಂತುಹೋಗಬಹುದು. ಒಂದು ಪ್ಯಾಕೇಜ್ ಬದಲಿಸಿ, ಟೆಸ್ಟ್ ಓಡಿಸಿ, ಕಮಿಟ್ ಮಾಡಿ (ಬದಲಾವಣೆ ದಾಖಲಿಸಿ), ಆಮೇಲೆ ಮುಂದಿನದು. ಹೊಸದೆಲ್ಲ ಸುರಕ್ಷಿತ ಅಂತಲೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ‘ಚಾಕ್’, ‘ಡೀಬಗ್’ನಂಥ ಜನಪ್ರಿಯ ಪ್ಯಾಕೇಜ್‌ಗಳ ಹೊಸ ಆವೃತ್ತಿಗಳಲ್ಲೇ ದುಷ್ಟ ಕೋಡ್ ಸೇರಿಕೊಂಡಿತ್ತು. ಹಾಗಾಗಿ ಭದ್ರತಾ ದೋಷ ಸರಿಪಡಿಸಿದ್ದನ್ನು ತಡಮಾಡದೆ ಹಾಕಿಕೊಳ್ಳಿ, ಉಳಿದದ್ದಕ್ಕೆ ಕೆಲವು ದಿನ ಕಾಯಿರಿ. ಬೇಡದ್ದನ್ನು ಕಿತ್ತುಹಾಕುವುದಕ್ಕೆ ಮಾತ್ರ ಈ ಅಪಾಯವೇ ಇಲ್ಲ, ಮೊದಲು ಅದನ್ನೇ ಮಾಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಇಷ್ಟೆಲ್ಲ ಗೊತ್ತಿದ್ದರೂ ಯಾಕೆ ಆಗಲ್ಲ? ಈ ಕೆಲಸಕ್ಕೆ ಲೆಕ್ಕದಲ್ಲಿ ಜಾಗವಿಲ್ಲ. ‘ಇದರಿಂದ ಗ್ರಾಹಕರಿಗೆ ಹೊಸದೇನು ಕಾಣುತ್ತೆ?’ ಅಂತ ಮ್ಯಾನೇಜರ್‌ಗಳು ಕೇಳುತ್ತಾರೆ, ಏನೂ ಕಾಣಲ್ಲ ಅನ್ನೋದು ನಿಜ, ಆದರೆ ಗ್ರಾಹಕರ ಆಧಾರ್ ನಂಬರ್, ಫೋನ್ ನಂಬರ್ ಎಲ್ಲ ಅದೇ ಸಾಫ್ಟ್‌ವೇರ್‌ನಲ್ಲಿ ಇರುತ್ತದಲ್ವಾ? ಪ್ರತಿ ಬಿಡುಗಡೆಯ ಎಸ್ಟಿಮೇಟ್‌ನಲ್ಲೂ ಇದಕ್ಕೆ ಗಂಟೆಗಳನ್ನು ಬರೆಯಲಿ. ಸರ್ಕಾರಿ ಇಲಾಖೆಗಳು ಆ್ಯಪ್ ಮಾಡಿಸುವಾಗ, ಒಳಗೆ ಯಾವ ಯಾವ ಪ್ಯಾಕೇಜ್ ಇವೆ ಎಂಬ ಪಟ್ಟಿಯನ್ನು ಟೆಂಡರ್‌ನಲ್ಲೇ ಕೇಳಲಿ. ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳಿಗೂ ಒಂದು ವಿನಂತಿ: ಪ್ರಾಜೆಕ್ಟ್ ವೈವಾದಲ್ಲಿ ಹುಡುಗರ ಪ್ಯಾಕೇಜ್ ಪಟ್ಟಿ ತೆರೆಸಿ, ಯಾವುದಾದರೂ ಒಂದು ಹೆಸರು ತೋರಿಸಿ, ಇದು ಯಾಕಿದೆ ಅಂತ ಕೇಳಿ.

— ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು